ಇಲ್ಲದ ಇಬ್ಬರು ಮಕ್ಕಳು

ಅಧ್ಯಕ್ಷತೆ ವಹಿಸಿರುವ ಡಾಕ್ಟರ್ ಸೊಹ್ರಾಬಿಯವರೇ, ಅತಿಥಿಗಳೇ, ಕಾಶಾನಿನ ಈ ಆಸ್ಪತ್ರೆಯ ನನ್ನ ಸಹೋದ್ಯೋಗಿಗಳೇ, ಮುಂದಿನ ಸಾಲಿನಲ್ಲಿ ಕೂತು ಆಗಲೇ ಆಕಳಿಸುತ್ತಿರುವ ನನ್ನ ತಂಗಿ ತೂರಾನ್, ಮತ್ತು ನನ್ನ ಬೀಳ್ಕೊಡುಗೆಗೆ ಬಂದ ಸಭಿಕರೇ,

ಮೂವತ್ತು ವರ್ಷ ಪ್ರಯೋಗಾಲಯದಲ್ಲಿ ಸೀಸೆ ತೊಳೆದು ಚೀಟಿ ಅಂಟಿಸಿದವನು ನಾನು, ಭಾಷಣ ಮಾಡಿದವನಲ್ಲ. ನಾನು ಕಂಡದ್ದೇನು? ಮಕ್ಕಳಾಗದ ಗಂಡಸರು ಹೆಂಡತಿಯನ್ನು ಒಳಗೆ ಕಳಿಸಿ ತಾವು ಕಾರಿನಲ್ಲೇ ಕೂರುವುದನ್ನು. "ನನಗೇನಾಗಿದೆ? ಗುಂಡುಕಲ್ಲಿನ ಹಾಗಿದ್ದೀನಿ!"

ಹನ್ನೆರಡು ವರ್ಷದ ಹಿಂದೆ ಇದೇ ಡಾಕ್ಟರ್ ಸೊಹ್ರಾಬಿಯವರು ಒಂದು ಸಂಶೋಧನೆಗೆ ಇಳಿದರು. ಕಬ್ಬಿಣಕ್ಕೆ ತುಕ್ಕು ಹಿಡಿಯುವ ಹಾಗೆ ವೀರ್ಯಾಣುಗಳೂ ಕೆಡುತ್ತವಂತೆ. ಅದನ್ನು ತಡೆಯುವ ಕಿಣ್ವಗಳು ಮೈಯಲ್ಲಿವೆ. ಕೆಲವರಲ್ಲಿ ಅಂಥ ಒಂದು ಕಿಣ್ವದ ಜೀನೇ ಹುಟ್ಟಿನಿಂದ ಇರುವುದಿಲ್ಲ. ಹೋಲಿಸಿ ನೋಡಲು ಮಕ್ಕಳಾದ ಗಂಡಸರೂ ಬೇಕಿತ್ತು. ಒಬ್ಬರು ಕಡಿಮೆ ಬಿದ್ದರು.

"ಹೆಷ್ಮತ್ ಆಗಾ, ನಿಮಗೆ ಮಕ್ಕಳಿರಬೇಕಲ್ಲ?" ಸೀಸೆ ತೊಳೆಯುವವನನ್ನೂ ಅವರು 'ಆಗಾ', ಯಜಮಾನರೇ, ಎಂದೇ ಕರೆಯುವುದು.

ಅಷ್ಟು ದೊಡ್ಡವರು ಆಸೆಯಿಂದ ಕೇಳಿದಾಗ ಇಲ್ಲ ಎನ್ನುವುದು ನಮ್ಮಲ್ಲಿ ಮರ್ಯಾದೆಯೇ? "ಇಬ್ಬರಿದ್ದಾರೆ, ನಿಮ್ಮ ಸೇವಕರು" ಎಂದುಬಿಟ್ಟೆ. ದೊಡ್ಡವರೆದುರು ನಮ್ಮ ಮಕ್ಕಳನ್ನು ಹಾಗೆ ತಾನೇ ಹೇಳುವುದು? ಮರ್ಯಾದೆಗೆಂದು ಚಹಾ ಬೇಡ ಎನ್ನುವವರನ್ನು ಕಂಡಿದ್ದೀರಿ. ಮರ್ಯಾದೆಗೆಂದು ಮಕ್ಕಳನ್ನೇ ಪಡೆದವನು ನಾನೊಬ್ಬನೇ.

ರಕ್ತ ಕೊಟ್ಟೆ, ವೀರ್ಯವನ್ನೂ ಕೊಟ್ಟೆ. ವಾರ ಕಳೆದು ಡಾಕ್ಟರು ಒಳಗೆ ಕರೆದರು. ಜೀನ್ ಇದ್ದವರ ಪರೀಕ್ಷೆಯ ಚಿತ್ರದಲ್ಲಿ ಹೊಳೆಯುವ ಗೆರೆ ನನ್ನದರಲ್ಲಿ ಇರಲಿಲ್ಲ. ಜೀವಂತ ವೀರ್ಯಾಣುಗಳೂ ಬೆರಳೆಣಿಕೆಯಷ್ಟೇ.

"ಬರೀ ಗೆರೆಯಿಂದ ಏನೂ ಹೇಳೋಕಾಗಲ್ಲ ಹೆಷ್ಮತ್ ಆಗಾ, ಎಷ್ಟೋ ಅಪ್ಪಂದಿರಿಗೂ ಅದಿಲ್ಲ. ಆದ್ರೆ ಈ ಎರಡನೇ ವರದಿ... ನಿಮ್ಮ ಇಬ್ಬರು ಸೇವಕರು ಎಲ್ಲಿ?"

"ನಿಮ್ಮ ಮೇಲಿನ ಗೌರವಕ್ಕೆ ಹುಟ್ಟಿದವರು, ಡಾಕ್ಟ್ರೇ."

ಮನೆಗೆ ಹೋಗಿ ಹೆಂಡತಿ ಮಾಹ್‌ರುಖ್‌ಗೆ ಹೇಳಿದೆ. "ಹತ್ತೊಂಬತ್ತು ವರ್ಷ ನಿಮ್ಮಮ್ಮ ಕೊಟ್ಟ ಕಹಿ ಕಷಾಯ ಎಲ್ಲಾ ನಾನೇ ಕುಡಿದೆ. ಒಂದು ಲೋಟ ಆದ್ರೂ ನೀನು ಕುಡೀಬಾರದಿತ್ತಾ, ಮಾರಾಯ?" ಎಂದು ನಕ್ಕಳು. ಆಮೇಲೆ, "ಅಮ್ಮಂಗೆ ಹೇಳ್ಬೇಡ, ತಡ್ಕೊಳ್ಳಲ್ಲ" ಎಂದಳು. ಹೇಳಲಿಲ್ಲ. ಅಮ್ಮ ಹೋದ ಮೇಲೂ ಹೇಳಲಿಲ್ಲ. ಆಗ ಯಾರ ಅಡ್ಡಿಯಿತ್ತು?

ಈ ವಸಂತದಲ್ಲಿ ಮಾಹ್‌ರುಖ್ ಹೋದಳು. ಏಳನೆಯ ದಿನ ಹಲ್ವಾ ಹಂಚುತ್ತಾ ನೀನಂದೆ, ತೂರಾನ್: "ಒಳ್ಳೆಯವಳೇ, ಪಾಪ. ನಮ್ಮಣ್ಣನ್ನ ಅಪ್ಪ ಮಾಡ್ಲಿಲ್ಲ, ಅಷ್ಟೇ." ನಾನು ತಟ್ಟೆ ಹಿಡಿದು ಪಕ್ಕದವರಿಗೆ ಹಲ್ವಾ ಚಾಚಿದೆ.

ಕೊರತೆ ನನ್ನದು, ತಂಗಿ. ಅವಳದ್ದಲ್ಲ. ಇಷ್ಟು ಜನರ ಮುಂದೆ ಹೇಳುತ್ತಿದ್ದೇನೆ, ಮತ್ತೆ ಮಾತು ಬದಲಿಸಲು ನನಗೆ ದಾರಿ ಇರಬಾರದು ಎಂದು. ನಾಳೆ ಗುರುವಾರ, ತೀರಿಕೊಂಡವರನ್ನು ಕಾಣುವ ದಿನ. ಗುಲಾಬಿನೀರು ತೆಗೆದುಕೊಂಡು ಅವಳ ಸಮಾಧಿ ತೊಳೆಯಲು ಹೋಗುತ್ತೇನೆ. ನೀನೂ ಬಾ. ಮೊದಲು ನಾನು ಕ್ಷಮೆ ಕೇಳುತ್ತೇನೆ, ಆಮೇಲೆ ನಿನ್ನ ಸರದಿ.

ಸೀಸೆ ತೊಳೆಯುವವನ ಮಾತನ್ನು ಇಷ್ಟು ಹೊತ್ತು ಕೇಳಿದ ನಿಮಗೆಲ್ಲ ನಾನು ಋಣಿ. ನಮಸ್ಕಾರ.