ವೇಟಿಂಗ್ ರೂಮಿನ ಮೂರು ಕೂಗು

ನಗೋರು ಈಗಲೇ ನಕ್ಕು ಮುಗಿಸಿ. ಇದು ಆಗಿದ್ದು ನನ್ನ ಸ್ವಂತ ದೊಡ್ಡಮ್ಮನ ಮಗನಿಗೆ. ಸದಾ ಪೀಪಿ ಊದ್ತಿರ್ತಾನೆ ಅಂತ ನಾವೆಲ್ಲ ಪೀಪಿ ಅಣ್ಣ ಅಂತೀವಲ್ಲ, ಅವನಿಗೆ.

ರಾತ್ರಿ ಹನ್ನೊಂದೂವರೆ. ಸ್ಟೇಷನ್ ಹಿಂದಿನ ಹಾಳುಬಾವಿ ಪಕ್ಕದಲ್ಲಿ ಪೀಪಿ ಒಬ್ಬನೇ ಮನೆ ಕಡೆ ನಡೀತಿದ್ದ. ತನಗೆ ತಾನೇ ಬೈಕೋತಾ. ಬೈಕೊಳ್ಳದೆ ಇನ್ನೇನು? ಅವತ್ತು ಆ ಸ್ಟೇಷನ್ನಿಗೆ ಕೊನೇ ಗಾಡಿ. ಒಂದು ಕಾಲಕ್ಕೆ ದಿನಕ್ಕೆ ಆರು ಗಾಡಿ ನಿಲ್ತಿದ್ದ ಜಾಗ. ಹೆಂಗಸರಿಗೆ ಬೇರೆ ಕೋಣೆ, ಎಂಜಿನ್ನಿಗೆ ನೀರು ತುಂಬೋಕೆ ಆನೆ ಸೊಂಡಿಲಿನಂಥ ಕೊಳಾಯಿ, ಎಲ್ಲ ಇತ್ತಂತೆ. ಆರು ಹೋಗಿ ನಾಲ್ಕಾಯ್ತು, ನಾಲ್ಕು ಹೋಗಿ ಒಂದಾಯ್ತು. ನಾಳೆಯಿಂದ ಅದೂ ಇಲ್ಲ. ಸ್ಟೇಷನ್ ಮಾಸ್ತರರು ಹಾಸಿಗೆ ಸುರುಳಿ ಕಟ್ಕೊಂಡು ಅದೇ ಗಾಡಿ ಹತ್ತಿದ್ರು.

ಪೀಪಿಯೂ ಹತ್ತಿ ಅತ್ತೆ ಮನೆಗೆ ಹೋಗ್ಬೇಕಿತ್ತು. "ಎಂಟು ದಿನ ನನ್ನ ಮುಖ ಕಾಣಲ್ಲಮ್ಮ, ಹಾಯಾಗಿರು" ಅಂತ ಮನೇಲಿ ಹೇಳಿಯೂ ಬಂದಿದ್ದ. ಬ್ಯಾಗನ್ನ ಸೀಟಿನ ಮೇಲಿಟ್ಟು ಕೆಳಗಿಳಿದು, ಪೀಪಿ ಊದಿ, ಟವಲು ಬೀಸಿ, ಒಂದು ಭಾಷಣವನ್ನೂ ಬಿಗಿದ. ಆ ಅಬ್ಬರದಲ್ಲಿ ಗಾಡಿ ಇವನನ್ನೇ ಬಿಟ್ಟು ಹೊರಟುಹೋಯ್ತು. ಬ್ಯಾಗು ಅತ್ತೆ ಮನೆ ದಾರಿ ಹಿಡೀತು. ಬ್ಯಾಗಲ್ಲಿ ಮೊಬೈಲು.

ಬಾವಿ ಹತ್ರ ಜೇಬಲ್ಲಿ ಏನೋ ತೊಡೆಗೆ ಬಡೀತು. ಟಣ್.

ಬೀಗ! ವೇಟಿಂಗ್ ರೂಮಿನದು. ಆ ರೂಮು ಗುಡಿಸಿ ಬೀಗ ಹಾಕೋದೇ ಅವನ ಕೆಲಸ, ಅದನ್ನೇ ಮರೆತಿದ್ದ. ಗೊಣಗ್ತಾ ವಾಪಸ್ ಹೊರಟ.

ಆ ರೂಮಿಗೊಂದು ಪದ್ಧತಿ ಇತ್ತು. ಹಿಂದೆ ಯಾವಾಗ್ಲೋ ಗಾಡಿ ತಪ್ಪಿಸ್ಕೊಂಡ ಹೆಂಗಸೊಬ್ಬಳು ತಗಡಿನ ಪೆಟ್ಟಿಗೆ ಪಕ್ಕದಲ್ಲಿಟ್ಕೊಂಡು ಮೂಲೆ ಬೆಂಚಿನ ಮೇಲೆ ನಿದ್ದೆ ಹೋಗಿದ್ಲಂತೆ. ಆಗಿನ ಜವಾನ ನೋಡದೆ ಬೀಗ ಜಡಿದ. ಮಾರನೇ ದಿನ ಎಲ್ಲೋ ಹಳಿ ಕುಸಿದು ಎಂಟು ದಿನ ಗಾಡಿಯೇ ಇಲ್ಲ. ರೂಮಿನ ಬಾಗಿಲು ತೆಗೆಯೋರೂ ಇಲ್ಲ… ಅವತ್ತಿಂದ, ಬಾಗಿಲಲ್ಲಿ ನಿಂತು "ಒಳಗೆ ಯಾರಾದ್ರೂ ಇದ್ದೀರಾ?" ಅಂತ ಮೂರು ಸಲ ಕೇಳ್ಬೇಕು. ಪ್ರತಿ ಸಲ ಹತ್ತು ಎಣಿಸ್ಬೇಕು. ಆಮೇಲೇ ಬೀಗ. ನಮ್ಮ ಪೀಪಿ ಏನು ಮಾಡ್ತಿದ್ದ? ಮೂರನ್ನೂ ಒಂದೇ ಉಸಿರಲ್ಲಿ, ಹರಾಜು ಕೂಗೋನ ಥರ ಕೂಗಿ, ಬೀಗ ಒತ್ತಿ, ನಗ್ತಾ ಹೋಗ್ತಿದ್ದ. ಮೂರು ವರ್ಷ ಇದೇ ಆಟ.

ಬಾಗಿಲು ಹಾರು ಹೊಡೆದಿತ್ತು. ಕಿಟಕಿ ಹಾಕಿದ್ದೀನಾ ನೋಡೋಣ ಅಂತ ಒಳಗೆ ಹೋದ. ಕರೆಂಟು ಸಂಜೆಯೇ ಕಿತ್ತಿದ್ರು. ಕಗ್ಗತ್ತಲು.

ಹೊರಗೆ ಸದ್ದು. ಚರಕ್… ಚರಕ್… ಯಾರೋ ಚಪ್ಪಲಿ ಎಳ್ಕೊಂಡು ಬಂದು ಬಾಗಿಲಲ್ಲಿ ನಿಂತ್ರು.

"ಒಳಗೆ… ಯಾರಾದ್ರೂ ಇದ್ದೀರಾ?"

ಗಂಡಸಿನ ದನಿ. ಪಿಸುಮಾತು. 'ಸ್ಟೇಷನ್ ಎದುರಿನ ಟೀ ಅಂಗಡಿ ಮಾವ, ನನ್ನನ್ನೇ ಆಡಿಸ್ತಿದ್ದಾನೆ. ಇರು, ಒಳಗೆ ಬರಲಿ, ಭೋ ಅಂತ ಪಂಚೆ ಉದುರಿಸ್ತೀನಿ' ಅಂದ್ಕೊಂಡು ಪೀಪಿ ಬಾಯಿ ಮುಚ್ಕೊಂಡ. ಹೊರಗಿದ್ದೋನು ಹತ್ತು ಎಣಿಸೋಷ್ಟು ಹೊತ್ತು ಸುಮ್ಮನಿದ್ದ. ಮತ್ತೆ ಕೇಳಿದ. ಮತ್ತೆ ಸುಮ್ಮನಾದ. ಮೂರನೇ ಸಲ…

ಪೀಪಿ ಉತ್ತರ ಕೊಡ್ಲಿಲ್ಲ.

ಕಿರ್ರ್… ಬಾಗಿಲು. ಖಟಕ್… ಚಿಲಕ. ಟಿಕ್. ಬೀಗ.

"ಏ ಮಾವ, ಸಾಕು ಆಟ, ತೆಗಿ!"

ಚಪ್ಪಲಿ ಸದ್ದು ದೂರ ಹೋಯ್ತು. ಪೀಪಿ ಕೈ ಜೇಬಿಗೆ ಹೋಯ್ತು. ಬೀಗ ಅಲ್ಲೇ ಇತ್ತು. ತಣ್ಣಗೆ. ಹಾಗಾದ್ರೆ ಹೊರಗೆ ಬಿದ್ದಿದ್ದು ಯಾವುದು?

ಆಗ ಅವನಿಗೆ ಹೊಳೀತು. ನಾಳೆ ಗಾಡಿ ಇಲ್ಲ. ಮಾಸ್ತರರು ಇಲ್ಲ. ಯಾರೂ ಈ ಬಾಗಿಲ ಕಡೆ ತಲೆ ಹಾಕಲ್ಲ. ಅಮ್ಮ ಎಂಟು ದಿನ ಹುಡುಕಲ್ಲ. ಕಿಟಕಿಗೆ ಹೆಬ್ಬೆರಳು ದಪ್ಪದ ಕಂಬಿ. ಬಾಗಿಲು ಗುದ್ದಿದ, ಒದ್ದ, ಗಂಟಲು ಹರಿಯೋ ಹಾಗೆ ಕಿರುಚಿದ. ದನಿ ಗೋಡೆಗೆ ಬಡಿದು ಅವನ ಕಿವಿಗೇ ವಾಪಸ್ ಬಂತು.

"ಕೂಗ್ಬೇಡಪ್ಪ… ಆಚೆ ಕೇಳ್ಸಲ್ಲ."

ಮೂಲೆ ಬೆಂಚಿಂದ. ಹೆಂಗಸಿನ ದನಿ.

"ಯಾ… ಯಾರು?"

"ನಾನೂ ಕೂಗಿ ನೋಡಿದ್ದೀನಿ… ನೀನು ದಿನಾ ಕೇಳ್ತಿದ್ದೆ. ನಾನು ಬಾಯಿ ತೆಗೆಯೋಷ್ಟರಲ್ಲಿ ಬೀಗ ಹಾಕ್ಬಿಡ್ತಿದ್ದೆ."

"ತಪ್ಪಾಯ್ತಕ್ಕಾ… ದಮ್ಮಯ್ಯ…"

ಬೆಂಚು ಕಿರ್ ಅಂತು. ಆಮೇಲೆ, "ಈಗ ಕೇಳು."

ಪೀಪಿ ಮೂಲೆ ಕಡೆ ತಿರುಗಿದ. "ಒಳಗೆ… ಯಾರಾದ್ರೂ ಇದ್ದೀರಾ?" ಒಂದು… ಎರಡು… ಎಣಿಸಿದ. ಅವಸರ ಮಾಡಲಿಲ್ಲ. ಹತ್ತಕ್ಕೆ ಸರಿಯಾಗಿ ಮೂಲೆಯಿಂದ, "ಇದ್ದೀನಿ."

ಎರಡನೇ ಸಲ ಕೇಳಿದ. ಗರ್ರ್… ತಗಡಿನ ಪೆಟ್ಟಿಗೆ ನೆಲದ ಮೇಲೆ ಎಳೆದ ಸದ್ದು. ಹತ್ತಕ್ಕೆ ರೂಮಿನ ನಡುವಿಂದ, "ಇದ್ದೀನಿ."

ಮೂರನೇ ಸಲ ಕೇಳಿದ. ತುಟಿ ಮಾತ್ರ ಅಲ್ಲಾಡ್ತು. ಕಣ್ಣು ಮುಚ್ಚಿ ಎಣಿಸಿದ… ಎಂಟು… ಒಂಬತ್ತು…

"ಇದ್ದೀನಪ್ಪ." ಕಿವಿ ಪಕ್ಕದಲ್ಲೇ.

ಖಟಕ್.

ಬಾಗಿಲು ತಾನಾಗೇ ತೆರೀತು. ಪೀಪಿ ಪಕ್ಕಕ್ಕೆ ಸರಿದು ಗೋಡೆಗೆ ಅಂಟ್ಕೊಂಡ. ಪೆಟ್ಟಿಗೆ ಸದ್ದು ಅವನನ್ನ ದಾಟಿ ಪ್ಲಾಟ್‌ಫಾರಮ್ಮಿಗೆ ಹೋಯ್ತು, ಠಣ್ ಅಂತ ಕಬ್ಬಿಣದ ಮೇಲೆ ಕೂತು ನಿಂತಿತು. ಆಮೇಲೆ ಓಡಿದ ನೋಡಿ! ಮನೆ ಬಾಗಿಲಲ್ಲೇ ಹೋಗಿ ಬಿದ್ದ. ದೊಡ್ಡಮ್ಮ ದೀಪ ಹಿಡ್ಕೊಂಡು ಬಂದು, "ಎಂಟು ದಿನ ಇಷ್ಟು ಬೇಗ ಆಗೋಯ್ತೇನೋ?" ಅಂದ್ರು. ಅವನು ನಗಲಿಲ್ಲ. ಪೀಪಿ ಅಣ್ಣ ನಗದೇ ಇದ್ದಿದ್ದು ಅವತ್ತೇ ಮೊದಲು.

ಬೆಳಗ್ಗೆ ಅವನ ಜೊತೆ ನಾನೂ ಹೋದೆ, ಟೀ ಅಂಗಡಿ ಮಾವನೂ ಬಂದ. ರಾತ್ರಿಯೆಲ್ಲ ಜ್ವರದಲ್ಲಿ ಮಲಗಿದ್ದೆ ಅಂತ ಮಾವ ಆಣೆ ಹಾಕಿದ. ರೂಮು ಖಾಲಿ. ಪ್ಲಾಟ್‌ಫಾರಮ್ಮಲ್ಲಿ ಲಗೇಜು ತೂಗೋ ಹಳೇ ಕಾಟಾ ಇದೆಯಲ್ಲ, ಅದರ ಮುಳ್ಳು ಐವತ್ತೊಂದು ಕೆಜಿಗೆ ನಿಂತಿತ್ತು. ಮೇಲೆ ಏನೂ ಇರಲಿಲ್ಲ. ಮಾವ ತಟ್ಟಿದ, ಅಲ್ಲಾಡಿಸಿದ, ಕಾಲಲ್ಲಿ ಒದ್ದ. ಮುಳ್ಳು ಕದಲಲಿಲ್ಲ. ನಾನು ಸಾವಿರ ಸುಳ್ಳು ಹೇಳಿದ್ದೀನಿ, ಒಪ್ಪಿದೆ. ಇದು ಅದರಲ್ಲಿ ಇಲ್ಲ. ಈಗಲೂ ಐವತ್ತೊಂದೇ ಇದೆ.