ಊಟ ಬಿಡದ ಅಯ್ಯನವರು

“ನನ್ನ ರಕ್ತದಾಗೆ ಸತ್ವ ಇಲ್ಲ ಅಂತ ಬರೆಯಕ್ಕೆ ಆ ಡಾಕ್ಟ್ರು ಯಾರು? ದಿನಾ ಒಂದಲ್ಲ ಒಂದು ಮನೇಲಿ ಹೋಳಿಗೆ ಉಣ್ಣೋನು ಕಣೇ ನಾನು.”

ಮಧುಗಿರಿಯ ಆಸ್ಪತ್ರೆಯೊಂದರ ಬೆಂಚಿನಲ್ಲಿ ಜಂಗಮ ಪರ್ವತಯ್ಯನವರು ಹೆಂಡತಿ ಕರಿಬಸಮ್ಮನ ಮೇಲೆ ಹರಿಹಾಯ್ದರು. ಮಂಡಿನೋವಿಗೆಂದು ಬಂದು ಪಕ್ಕದಲ್ಲಿ ಕೂತಿದ್ದ ಅಶ್ವತ್ಥಮ್ಮನಿಗೆ ನೋವೇ ಮರೆತುಹೋಯಿತು.

“ಉಂಡ್ರೆ ಆಯ್ತಾ?” ಕರಿಬಸಮ್ಮ ಬಿಡಲಿಲ್ಲ. “ಕರುಳು ಹುಣ್ಣಾಗಿ ರಕ್ತ ಹೋಗ್ತೈತೆ. ಕಬ್ಬಿಣದಂಶ, ಜಿಂಕು ಯಾವುದೂ ಮೈಗೆ ಹತ್ತಲ್ಲ. ಮಾತ್ರೆ, ಪಥ್ಯ ಎರಡೂ ಯಾಕೆ ಬುಟ್ರಿ?”

“ಅಯ್ಯನೋರು ಎಲೆ ಮುಂದೆ ಕೂತು ಮಾತ್ರೆ ನುಂಗಿ, ಖಾರ ಬ್ಯಾಡ ಅಂದ್ರೆ ಇನ್ನೊಂದು ಸಲ ಪಾದಪೂಜೆಗೆ ಯಾರು ಕರೀತಾರೆ?”

“ಮೊನ್ನೆ ಗೃಹಪ್ರವೇಶದಾಗೆ ಮಂತ್ರ ಅರ್ಧಕ್ಕೆ ಬುಟ್ಟು ಹಿತ್ತಿಲಿಗೆ ಓಡಿದ್ರಲ್ಲ, ಆಗ ಜನ ಏನಂದ್ರು?”

“ಅಯ್ಯನೋರು ಬಲು ಶುದ್ಧ, ಗಳಿಗೆಗೊಂದು ಸಲ ಕಾಲು ತೊಳೀತಾರೆ ಅಂದ್ರು.”

“ನಿಮ್ಮ ಪಂಚೆ ಒಗೆಯೋಳು ನಾನು. ಈ ತಿಂಗಳು ರಕ್ತದ ಕಲೆ ಜಾಸ್ತಿ ಆಗೈತೆ.”

ಅಷ್ಟರಲ್ಲಿ ಭಕ್ತರ ಮನೆಯಿಂದ ಅಯ್ಯನವರಿಗೆ ಫೋನು ಬಂತು. “ಎಲೆ ಹಾಕಿ, ಬಂದೇ ಬುಟ್ಟೆ” ಎನ್ನುತ್ತ ಶಲ್ಯ ಕೊಡವಿಕೊಂಡು ಹೊರಟೇಹೋದರು.

ನರ್ಸು ಪರ್ವತಯ್ಯನವರ ಹೆಸರನ್ನು ಎರಡು ಸಲ ಕೂಗಿದಳು. ಬಾಗಿಲ ಕಡೆ ನೋಡುತ್ತಿದ್ದ ಕರಿಬಸಮ್ಮ ಕೊನೆಗೆ ಒಬ್ಬಳೇ ಎದ್ದಳು.

“ಹೊಟ್ಟೆ ಊಟಕ್ಕೆ ಹೋಗೈತೆ ಕಣಮ್ಮ. ರಿಪೋರ್ಟು ನಾನು ತಂದಿದೀನಿ.”