ಯಾಕಪ್ಪ ಹಂಚಿಬಿಟ್ಟ ಧ್ವನಿ

ವೇದಿಕೆಯ ಮೇಲಿರುವ ಹಿರಿಯರೇ, ಮುಂದಿನ ಸಾಲಿನಲ್ಲಿ ಕುಳಿತಿರುವ ಅಕ್ಕ, ಭಾವ, ಅಂಗಡಿ ಬಾಗಿಲೆಳೆದು ಬಂದಿರುವ ಟೈರ್ ರಿಪೇರಿಯವರೇ, ನನ್ನ ಸಹೋದ್ಯೋಗಿಗಳೇ — ಎಲ್ಲರಿಗೂ ನಮಸ್ಕಾರ. ಇಂಥದ್ದೊಂದು ಕಾರಣಕ್ಕೆ ಸೇರಬೇಕಾಗಿ ಬಂತಲ್ಲ ಅನ್ನುವ ಸಂಕಟ ನಿಮಗಿರುವಷ್ಟೇ ನನಗೂ ಇದೆ.

ತೀರಿಹೋದವರನ್ನು ಸಭೆಯಲ್ಲಿ 'ಅವರು' ಅನ್ನಬೇಕು, ಗೊತ್ತು. ಒಂದೆರಡು ಸಲ ಅಂದೇನು, ಆಮೇಲೆ ನನ್ನ ನಾಲಿಗೆ ಮಾತು ಕೇಳುವುದಿಲ್ಲ. ಎದುರುಬದುರು ಮೇಜಿನಲ್ಲಿ ಕೂತು ವರ್ಷಗಟ್ಟಲೆ ಜಗಳ ಆಡಿದವನನ್ನು ಇದ್ದಕ್ಕಿದ್ದಂತೆ ದೊಡ್ಡ ಮನುಷ್ಯನನ್ನಾಗಿ ಮಾಡುವುದು ನನ್ನ ಕೈಲಾಗದು. ಅವನು ಅಂತಲೇ ಹೇಳುತ್ತೇನೆ. ಅಕ್ಕ ತಪ್ಪು ತಿಳಿಯಬಾರದು.

ಈಗ ತಾನೇ ನಮ್ಮ ಕಂಪನಿಯ ಯಜಮಾನರು ಮಾತಾಡಿದರು. ಅವನು ಸದಾ ನಗುಮೊಗದವನು ಅಂದರು. ದೊಡ್ಡವರ ಮಾತಿಗೆ ಎದುರಾಡುವುದಿಲ್ಲ — ಆದರೆ ಯಜಮಾನರು ನಮ್ಮ ಕೋಣೆಗೆ ಬರುತ್ತಿದ್ದದ್ದು ಸಂಬಳದ ದಿನ ಮಾತ್ರ. ಉಳಿದ ದಿನಗಳಲ್ಲಿ ಆ ಮುಖ ನೋಡಿದವನು ನಾನು. ಹುಬ್ಬು ಗಂಟಿಕ್ಕಿಕೊಂಡು, ಪೆನ್ನಿನ ತುದಿ ಕಚ್ಚಿಕೊಂಡು ಕೂತಿರುತ್ತಿದ್ದ. ನಗು ಅಷ್ಟಕ್ಕಷ್ಟೇ.

ಹೊಸಬರಿಗೆ ಹೇಳಬೇಕು. ಟೈರ್ ಅಂಗಡಿಯ ಮೇಲಿನ ಎರಡು ಕೋಣೆ ನಮ್ಮ ಕಂಪನಿ. ತೂಕದ ಯಂತ್ರ, ಬಸ್ಸಿನ ಟಿಕೆಟ್ ಯಂತ್ರ, ಇಂಥವಕ್ಕೆ ಸಾಫ್ಟ್‌ವೇರ್ ಬರೆಯುವವರು ನಾವು. ಒಬ್ಬ ಬರೆದದ್ದನ್ನು ಇನ್ನೊಬ್ಬ ಓದಿ ಒಪ್ಪಿದ ಮೇಲೆಯೇ ಅದು ಆಚೆ ಹೋಗಬೇಕು, ಅದು ನಮ್ಮ ಪದ್ಧತಿ. ನಾನು ಬರೆದದ್ದನ್ನು ಅವನು ಓದುತ್ತಿದ್ದ. ಓದಿ, ಪಕ್ಕದಲ್ಲಿ ಒಂದೇ ಪದ ಬರೆಯುತ್ತಿದ್ದ — 'ಯಾಕೆ?' ನಾನು ಬೆವರು ಸುರಿಸಿ ಒಂದು ಪುಟ ಉತ್ತರ ಬರೆದರೆ, ಅದರ ಕೆಳಗೂ 'ಯಾಕೆ?' ಹಾಗಾಗಿ ನಾವು ಅವನಿಗೆ ಯಾಕಪ್ಪ ಅಂತ ಹೆಸರಿಟ್ಟೆವು. ಅವನಿಗೆ ಗೊತ್ತಾದಾಗ ಕೇಳಿದ್ದೂ ಅದನ್ನೇ. ಯಾಕೆ ಅಂತ.

ಅವನ ಅಕ್ಕ ಹೊಲಿಗೆ ಅಂಗಡಿ ಇಟ್ಟುಕೊಂಡು ತಮ್ಮನನ್ನು ಓದಿಸಿದವರು. ಬರಬರುತ್ತಾ ಅವರ ದೃಷ್ಟಿ ಮಂಜಾಯಿತು. ಮೊದಲು ಸೂಜಿಗೆ ದಾರ ಪೋಣಿಸಲು ಆಗಲಿಲ್ಲ, ಆಮೇಲೆ ಅಳತೆ ಟೇಪಿನ ಅಂಕಿ ಕಾಣಲಿಲ್ಲ, ಕೊನೆಗೆ ಫೋನಿನಲ್ಲಿ ಯಾರು ಕರೆಯುತ್ತಿದ್ದಾರೆ ಅಂತಲೂ ಕಾಣದಾಯಿತು. ಆಗ ದೊಡ್ಡ ಕಂಪನಿಗಳ ಫೋನುಗಳು ಪರದೆಯ ಮೇಲಿನದನ್ನು ಓದಿ ಹೇಳುತ್ತಿದ್ದವು, ಆದರೆ ಬೇರೆ ಭಾಷೆಗಳಲ್ಲಿ. ನಮ್ಮ ಭಾಷೆಯಲ್ಲಿ ಯಾಕಿಲ್ಲ ಅಂತ ಯಾಕಪ್ಪ ಪತ್ರ ಬರೆದ. ಅದಕ್ಕೆ ಸಾಕಷ್ಟು ಬೇಡಿಕೆ ಇಲ್ಲ ಅಂತ ಉತ್ತರ ಬಂತು. ಅದನ್ನು ನನಗೆ ತೋರಿಸಿ ಅಂದ, "ಫೋನಿನ ಬೆನ್ನಿಗೆ ನಾಲ್ಕು ನಾಲ್ಕು ಕಣ್ಣು ಅಂಟಿಸ್ತಾರೆ ಕಣೋ. ನಮ್ಮಕ್ಕನ ಎರಡು ಕಣ್ಣಿಗೆ ಬೇಡಿಕೆ ಇಲ್ಲವಂತೆ."

ತಾನೇ ಬರೆಯಲು ಕೂತ. ಓದುವ ಸಾಫ್ಟ್‌ವೇರ್ ಏನೋ ಬಂತು. ಧ್ವನಿ ಎಲ್ಲಿಂದ ತರುವುದು? ರೇಡಿಯೋದವರನ್ನು ಕೇಳೋಣ, ಅವರ ಧ್ವನಿ ಎಷ್ಟು ಚೆನ್ನಾಗಿರುತ್ತೆ ಅಂದೆ. ಅವನು ಒಪ್ಪಲಿಲ್ಲ. "ನಾಳೆ ಇದನ್ನು ಎಲ್ಲರಿಗೂ ಕೊಡೋನು ನಾನು. ಇನ್ನೊಬ್ಬರ ಸ್ವತ್ತನ್ನ ನಾನು ಹ್ಯಾಗೆ ದಾನ ಮಾಡ್ಲಿ? ನನ್ನ ಗಂಟಲಾದ್ರೆ ಯಾರನ್ನೂ ಕೇಳಬೇಕಿಲ್ಲ."

ಸಾಮಾನು ತುಂಬುವ ನಮ್ಮ ಚಿಕ್ಕ ಕೋಣೆಯೊಳಗೆ ಅಕ್ಕನ ಅಂಗಡಿಯ ದಪ್ಪ ಬಟ್ಟೆಗಳನ್ನೆಲ್ಲ ಗೋಡೆಗೆ ಇಳಿಬಿಟ್ಟ. ಊಟದ ಬಿಡುವಿನಲ್ಲಿ ಬಾಗಿಲು ಹಾಕಿಕೊಂಡು ಒಂದು, ಎರಡು, ಮೂರು — ಸೋಮವಾರ, ಮಂಗಳವಾರ — 'ತಪ್ಪಿದ ಕರೆ', 'ಚಾರ್ಜ್ ಕಡಿಮೆ ಇದೆ' — ಹೀಗೆ ಒಂದೊಂದೇ ಹೇಳಿ ರೆಕಾರ್ಡ್ ಮಾಡುತ್ತಿದ್ದ. ಬೆವರಿ ಒದ್ದೆಯಾಗಿ ಆಚೆ ಬರುತ್ತಿದ್ದ. ಟೈರ್ ಅಂಗಡಿಯಣ್ಣ, ನಿಮ್ಮ ಸುತ್ತಿಗೆ ಮಾತ್ರ ಬಿಡುವು ಕೊಡುತ್ತಿರಲಿಲ್ಲ. ಎಲ್ಲ ಸದ್ದನ್ನೂ ತೆಗೆದ, 'ಶನಿವಾರ'ದಲ್ಲಿ ಒಂದು ಸದ್ದು ಉಳಿದುಹೋಯಿತು. ಶನಿ — ಧಪ್ — ವಾರ. ತೆಗೆಯಲು ಹೋದರೆ ವಾರವೇ ಹೋಗುತ್ತಿತ್ತು, ಹಾಗೇ ಬಿಟ್ಟ. ನೀವು ನಗುತ್ತಿದ್ದೀರಿ, ನಗಿ ಪರವಾಗಿಲ್ಲ.

ಆಮೇಲೆ ಜಗಳ. ನಮ್ಮ ಜೀವನದ ದೊಡ್ಡ ಜಗಳ ಅದು, ಲೈಸೆನ್ಸಿನ ಜಗಳ. ಬೇರೆ ಕೆಲಸದವರಿಗೂ ತಿಳಿಯುವಂತೆ ಹೇಳುತ್ತೇನೆ, ಸ್ವಲ್ಪ ತಾಳ್ಮೆ ಇರಲಿ. ಸಾಫ್ಟ್‌ವೇರನ್ನು ಎಲ್ಲರಿಗೂ ತೆರೆದಿಡುವುದಕ್ಕೆ ಓಪನ್ ಸೋರ್ಸ್ ಅನ್ನುತ್ತೇವೆ. ಹಾಗೆ ಇಡುವಾಗ ಏನು ಷರತ್ತು ಅಂತ ಮೊದಲೇ ಬರೆದಿಡಬೇಕು. ಒಂದು ಬಗೆಯ ಷರತ್ತು — ತೆಗೆದುಕೊಳ್ಳಿ, ಏನಾದರೂ ಮಾಡಿಕೊಳ್ಳಿ, ನನ್ನ ಹೆಸರೊಂದು ಎಲ್ಲಾದರೂ ಇರಲಿ. ಇನ್ನೊಂದು ಬಗೆ — ತೆಗೆದುಕೊಳ್ಳಿ, ಆದರೆ ನೀವು ಬದಲಾಯಿಸಿ ಮಾರಿದರೆ ಆ ಬದಲಾವಣೆಯನ್ನೂ ತೆರೆದಿಡಿ, ಮತ್ತು ಫೋನು ಕೊಂಡವರು ಅದನ್ನು ತಮಗೆ ಬೇಕಾದಂತೆ ತಿದ್ದಿ ಅದೇ ಫೋನಿಗೆ ಹಾಕಿಕೊಳ್ಳಲು ಬಿಡಿ, ಬೀಗ ಜಡಿಯಬೇಡಿ.

ಎರಡನೆಯದು ಇರಲಿ ಅಂತ ನಾನು ಹಟ ಹಿಡಿದೆ. ಅವನು ಮೊದಲನೆಯದು ಅಂದ. ನಾನು ಮೇಜು ಕುಟ್ಟಿದೆ. "ನಾಳೆ ಯಾವನೋ ಬಂದು ಎತ್ತಿಕೊಂಡು ಹೋಗಿ, ಬೀಗ ಹಾಕ್ಕೊಂಡು, ನಿನ್ನನ್ನೇ ಒಳಗೆ ಬಿಡಲ್ಲ ಅಂತಾನೆ, ಆಗ ಏನ್ಮಾಡ್ತೀಯಾ?" ಅಂದೆ. ಅವನು ಸಮಾಧಾನವಾಗಿ ಪೆನ್ನು ಕೆಳಗಿಟ್ಟ. "ಕೊಟ್ಟ ಮೇಲೆ ಹಿಂದೆಯೇ ಹೋಗಿ ಅವರ ಮನೆ ಬಾಗಿಲಲ್ಲಿ ನಿಂತು ನೋಡಬಾರ್ದು ಕಣೋ. ಮತ್ತೆ, ನಿನ್ನ ಷರತ್ತು ಹಾಕಿದ್ರೆ ಯಾವ ಫೋನ್ ಕಂಪನಿಯೂ ಇದನ್ನ ಮುಟ್ಟಲ್ಲ. ನಮ್ಮಂಥ ನಾಲ್ಕು ಜನ ಹುಚ್ಚರು ಹಾಕ್ಕೋತಾರೆ ಅಷ್ಟೆ. ಅಕ್ಕನಂಥೋರು ಯಾವುದೋ ಅಂಗಡಿಗೆ ಹೋಗಿ ಯಾವುದೋ ಫೋನ್ ಕೊಂಡ್ರೆ ಅದರಲ್ಲಿ ಇದು ಇರಬೇಕು." ಬರೆದವನು ಅವನು, ಧ್ವನಿ ಅವನದ್ದು. ಅವನ ಮಾತೇ ನಡೆಯಿತು. ಎರಡು ವಾರ ನಾನು ಅವನ ಜೊತೆ ಟೀ ಕುಡಿಯಲು ಹೋಗಲಿಲ್ಲ.

ಅವನು ಹೇಳಿದಂತೆಯೇ ಆಯಿತು. ಫೋನ್ ಕಂಪನಿಗಳ ಪೈಪೋಟಿ ಹೇಗಿರುತ್ತೆ ಅಂತ ನಿಮಗೆ ಗೊತ್ತು — ಒಬ್ಬ ಅಂಚು ಬಾಗಿಸಿದರೆ ಇನ್ನೊಬ್ಬನೂ ಬಾಗಿಸಬೇಕು, ಒಬ್ಬ ಮಡಚಿದರೆ ಇನ್ನೊಬ್ಬನೂ ಮಡಚಬೇಕು. ಒಂದು ಕಂಪನಿ ಎಲ್ಲ ಭಾಷೆಯಲ್ಲೂ ಮಾತಾಡುವ ಫೋನು ತರುತ್ತೇವೆ ಅಂತ ಜಾಹೀರಾತು ಹಾಕಿತು. ಎದುರಾಳಿಗೆ ದಿಗಿಲಾಯಿತು. ರಾತ್ರಿ ಬೆಳಗಾಗುವುದರೊಳಗೆ ಧ್ವನಿ ಬೇಕಲ್ಲ? ತೆರೆದಿಟ್ಟದ್ದು ಸಿಕ್ಕಿತು, ಹೆಸರು ಹಾಕುವುದು ಬಿಟ್ಟರೆ ಬೇರೆ ಷರತ್ತೂ ಇಲ್ಲ. ಯಾರನ್ನೂ ಕೇಳದೆ ತೆಗೆದುಕೊಂಡರು. ಕಳ್ಳತನ ಅಲ್ಲ, ನಾನು ಹಾಗೆ ಹೇಳುವುದೂ ಇಲ್ಲ. ಕೊಟ್ಟದ್ದನ್ನೇ ತೆಗೆದುಕೊಂಡರು.

ನಮಗೆ ಗೊತ್ತೇ ಇರಲಿಲ್ಲ. ಅವನೂ ನಾನೂ ಚಾರ್ಜರ್ ಕೊಳ್ಳಲು ಅಂಗಡಿಗೆ ಹೋಗಿದ್ದೆವು. ಪಕ್ಕದಲ್ಲಿ ಯಾರೋ ಹೊಸ ಫೋನು ತಿರುಗಿಸಿ ನೋಡುತ್ತಿದ್ದರು. ಅದು ಮಾತಾಡಿತು. ಯಾಕಪ್ಪ ಚಾರ್ಜರ್ ಕೈಯಲ್ಲಿ ಹಿಡಿದವನು ಹಾಗೇ ನಿಂತ. ಅಂಗಡಿಯವನಿಗೆ, ಸ್ವಲ್ಪ ದಿನಾಂಕ ಬದಲಾಯಿಸಿ, ಶನಿವಾರ ಮಾಡಿ ಅಂದ. ಶನಿ — ಧಪ್ — ವಾರ. ಆವತ್ತು ನಕ್ಕ, ಯಜಮಾನರು ಹೇಳಿದ ನಗು ಅದೇ ಇರಬೇಕು. ಫೋನಿನೊಳಗೆ ಕಾನೂನು ವಿಷಯ ಅಂತ ಒಂದು ಪುಟ ಇರುತ್ತದೆ, ಬೆರಳು ನೋಯುವಷ್ಟು ಕೆಳಗೆ ಜಾರಿಸಿದರೆ ಇರುವೆ ಸಾಲಿನಂಥ ಅಕ್ಷರದಲ್ಲಿ ಅವನ ಹೆಸರಿತ್ತು. ಅದೇ ಫೋನನ್ನು ಅಕ್ಕನಿಗೆ ಕೊಂಡುಕೊಟ್ಟ. ಆಮೇಲೆ ಬಸ್ಸಿನಲ್ಲಿ, ಬ್ಯಾಂಕಿನ ಸಾಲಿನಲ್ಲಿ, ಆಸ್ಪತ್ರೆಯ ಬೆಂಚಿನ ಮೇಲೆ, ಎಲ್ಲಿ ಹೋದರೂ ನಮ್ಮ ಯಾಕಪ್ಪ ಯಾರದ್ದೋ ಜೇಬಿನಿಂದ ಮಾತಾಡುತ್ತಿದ್ದ. ನಿಮ್ಮಲ್ಲೂ ಕೆಲವರ ಜೇಬಿನಲ್ಲಿ ಈಗ ಇದ್ದಾನೆ.

ಈ ವರ್ಷ ಮತ್ತೆ ಪೈಪೋಟಿ. ಎದುರು ಕಂಪನಿಯ ಧ್ವನಿ ಜೇನಿನಂತಿದೆಯಂತೆ. ನಮ್ಮವನದು ಒರಟು, ಹಳೆಯದು. ಮುಂದಿನ ಅಪ್‌ಡೇಟಿನಲ್ಲಿ ಹೊಸ ಧ್ವನಿ ಬರುತ್ತದೆ, ಹಳೆಯದನ್ನು ತೆಗೆಯುತ್ತೇವೆ ಅಂತ ಆ ಫೋನಿನ ಕಂಪನಿ ತಿಳಿಸಿತು. ಯಾಕಪ್ಪ ಪತ್ರ ಬರೆದ. ಹೊಸದು ಬರಲಿ, ಸಂತೋಷ, ಆದರೆ ಕಣ್ಣಿಲ್ಲದವರಿಗೆ ಧ್ವನಿ ಅಂದರೆ ಬರೀ ಅಲಂಕಾರ ಅಲ್ಲ, ಅದರ ವೇಗ, ಅದರ ತಡವರಿಕೆ ಎಲ್ಲಕ್ಕೂ ಕಿವಿ ಒಗ್ಗಿರುತ್ತೆ, ಬೇಕಾದವರಿಗೆ ಹಳೆಯದೂ ಇರಲಿ ಅಂತ. 'ನಿಮ್ಮ ಸಲಹೆಗೆ ಧನ್ಯವಾದ' ಅಂತ ಉತ್ತರ ಬಂತು. ಆ ಪತ್ರ ಬರೆದವನೇ ಆ ಧ್ವನಿ ಅಂತ ಅವರಿಗೆ ತಿಳಿದಿತ್ತೋ ಇಲ್ಲವೋ.

ಅಕ್ಕನ ಫೋನಿನಲ್ಲಾದರೂ ಉಳಿಸೋಣ ಅಂತ ಅದನ್ನು ಆಫೀಸಿಗೆ ತಂದ. ನಾವಿಬ್ಬರೂ ಕೂತೆವು. ಒಳಗೆ ಓಡುತ್ತಿರುವುದು ಅವನೇ ಬರೆದದ್ದು, ಮಾತಾಡುತ್ತಿರುವವನು ಅವನೇ. ಆದರೆ ಕಂಪನಿಯ ಬೀಗ. ಅವರ ಒಪ್ಪಿಗೆ ಇಲ್ಲದೆ ಒಂದು ಅಕ್ಷರ ಬದಲಾಯಿಸುವ ಹಾಗಿಲ್ಲ, ಅಪ್‌ಡೇಟ್ ಬೇಡ ಅನ್ನುವ ಹಾಗಿಲ್ಲ, ಎರಡು ಸಲ ಮುಂದೂಡಬಹುದು, ಆಮೇಲೆ ಅದೇ ಬಂದು ಕೂರುತ್ತದೆ. ಸಂಜೆವರೆಗೂ ಒದ್ದಾಡಿದೆವು. ನಾನು ಅವತ್ತೇ ಹೇಳಿರಲಿಲ್ಲವಾ ಅನ್ನುವ ಮಾತು ನಾಲಿಗೆ ತುದಿಗೆ ಬಂದಿತ್ತು, ಎದ್ದು ಹೋಗಿ ಇಬ್ಬರಿಗೂ ಟೀ ತಂದೆ.

ಅದಾಗಿ ತಿಂಗಳಾಗಿರಲಿಲ್ಲ, ಎದೆನೋವು ಅಂತ ಆಸ್ಪತ್ರೆ ಸೇರಿದ. ನೋಡಲು ಹೋದಾಗ ಅವನೇ ಆ ಮಾತು ತೆಗೆದ. "ನೀನು ಹೇಳಿದ್ದೇ ಸರಿ ಇತ್ತೇನೋ ಕಣೋ." ಈ ಮಾತು ಅವನ ಬಾಯಲ್ಲಿ ಕೇಳಬೇಕು ಅಂತ ನಾನು ಎಷ್ಟು ವರ್ಷ ಕಾದಿದ್ದೆ. ಕೇಳಿದಾಗ ಒಂಚೂರೂ ಖುಷಿಯಾಗಲಿಲ್ಲ. "ಯಾಕೆ?" ಅಂತ ನಾನೇ ಕೇಳಿದೆ. ಅವನು ಗೋಡೆ ಕಡೆ ತಿರುಗಿಕೊಂಡ. ಅಲ್ಲಿಂದ ಅವನು ಮನೆಗೆ ಬರಲಿಲ್ಲ.

ಈ ಕೆಲವು ದಿನ ನಾನು ಅದನ್ನೇ ಯೋಚಿಸಿದ್ದೇನೆ. ನನ್ನ ಮಾತು ನಡೆದಿದ್ದರೆ ಆ ಧ್ವನಿ ಆ ಫೋನಿಗೆ ಹೋಗುತ್ತಲೇ ಇರಲಿಲ್ಲ. ಅಷ್ಟು ಜನರಿಗೆ ಯಾರು ಕರೆಯುತ್ತಿದ್ದಾರೆ ಅಂತ ಹೇಳುವವರು ಇರುತ್ತಿರಲಿಲ್ಲ. ಅವನ ಮಾತು ನಡೆದದ್ದಕ್ಕೆ ಹೋಯಿತು, ಮುಟ್ಟಿತು, ಈಗ ಅಳಿಸಿಹೋಗುತ್ತಿದೆ. ಇದನ್ನು ಎದುರು ಮೇಜಿಗೆ ಹೇಳಿ ಇನ್ನೊಂದು ಸಲ ಜಗಳ ಆಡಬೇಕಿತ್ತು. ಆ ಮೇಜಿನಲ್ಲಿ ಯಾರೂ ಇಲ್ಲ.

ಮೊನ್ನೆ ಅಕ್ಕನ ಮನೆಗೆ ಹೋಗಿದ್ದೆ. ಅವನ ಧ್ವನಿಯ ಮೂಲ ನಮ್ಮ ಹತ್ತಿರ ಇದೆ, ಎಲ್ಲರ ಹತ್ತಿರವೂ ಇದೆ, ಅವನು ತೆರೆದಿಟ್ಟದ್ದಲ್ಲವೇ? ಬೀಗವಿಲ್ಲದ ಒಂದು ಫೋನಿಗೆ ಅದನ್ನು ಹಾಕಿ ಅಕ್ಕನ ಕೈಗೆ ಕೊಟ್ಟೆ. ಅಕ್ಕ ಕೇಳಿದರು. ತಲೆಯಾಡಿಸಿದರು. ಫೋನು ಮಡಿಲಲ್ಲಿ ಇಟ್ಟುಕೊಂಡು ನನ್ನನ್ನು ಕೇಳಿದ್ದು ಬೇರೆಯೇ. ಅಕ್ಕ, ಹೇಳಲಾ? — "ನನಗೇನೋ ನೀನು ತಂದುಕೊಟ್ಟೆಯಪ್ಪ. ನನ್ನ ಹಾಗೇ ಇವನ ಧ್ವನಿ ಕೇಳ್ಕೊಂಡು ಓಡಾಡ್ತಿರೋ ಕಣ್ಣಿಲ್ಲದೋರು ಎಷ್ಟು ಜನ ಇದಾರೆ. ಅವರಿಗೆ ಒಂದು ದಿನ ಬೆಳಗ್ಗೆ ಬೇರೆ ಯಾರೋ ಮಾತಾಡ್ತಾರೆ. ಮೊದಲಿನೋನು ಎಲ್ಲಿ ಹೋದ ಅಂತ ಅವರು ಯಾರನ್ನ ಕೇಳ್ಬೇಕು? ಸತ್ತ ಅಂತ ಅವರಿಗೆ ಹೇಳೋರು ಯಾರು?"

ಅವನಿಗಾಗಿ ಅಳಬೇಕಾದವರಲ್ಲಿ ಹೆಚ್ಚಿನವರಿಗೆ ಅವನ ಹೆಸರೇ ಗೊತ್ತಿಲ್ಲ. ಈ ಕೋಣೆಯಲ್ಲಿ ಅವರ ಪರವಾಗಿಯೂ ನಾವೇ ಇದ್ದೇವೆ.

ಅಪ್‌ಡೇಟ್ ಈ ವಾರ ಬರುತ್ತದಂತೆ. ಇನ್ನೂ ಬಂದಿಲ್ಲ. ಅಕ್ಕನ ಕೈಯಲ್ಲಿರುವುದು ನಾನು ಕೊಟ್ಟದ್ದಲ್ಲ, ಆ ಹಳೆಯ ಫೋನೇ, ಅದು ಗಂಟೆಗೊಮ್ಮೆ ಹೊತ್ತು ಹೇಳುತ್ತದೆ. ಈಗ ಐದಕ್ಕೆ ಸ್ವಲ್ಪ ಇದೆ. ಯಾರೂ ಗಡಿಯಾರ ನೋಡಬೇಡಿ. ದಯವಿಟ್ಟು ಎಲ್ಲರೂ ಎದ್ದು ನಿಲ್ಲಿ. ಸುಮ್ಮನೆ ನಿಂತಿರೋಣ — ಐದಾಯಿತು ಅಂತ ಅವನೇ ಹೇಳುತ್ತಾನೆ. ಅವನು ಹೇಳಿದ ಮೇಲೆ ಕೂತುಕೊಳ್ಳೋಣ.